ಅವತ್ತು ಏನಾಯಿತು? – ಗುಡ್ಡಗಾಡಿನ ಶಾಲೆಗಳಲ್ಲಿ ಮಕ್ಕಳ ಬರವಣಿಗೆ



ದತ್ತಿ ಉಪನ್ಯಾಸ ಎಂದ ಕೂಡಲೇ ಪಂಪನೋ ವಚನಕಾರರೋ ವಿಷಯವಾಗುವುದು ರೂಢಿ. ನಾನು ಆರಿಸಿಕೊಂಡಿರುವುದು ನಾಲ್ಕನೇ ತರಗತಿಯ ಮಗು ಬರೆಯುವ ಅರ್ಧ ಪುಟವನ್ನು. ನಡೆದದ್ದನ್ನು ನಡೆದಂತೆ ಬರೆಯುವುದು, ಕಂಡದ್ದನ್ನು ಕಣ್ಣಿಗೆ ಕಟ್ಟುವಂತೆ ಬರೆಯುವುದು – ಇವೆರಡನ್ನು ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ಬಗೆ ಹೇಗೆ ಎಂಬುದಷ್ಟೇ ನನ್ನ ವಿಷಯ. ಈ ದತ್ತಿ ಇಟ್ಟ ಶಿಕ್ಷಕ ದಂಪತಿ ಬದುಕಿಡೀ ಕೈಯಲ್ಲಿ ಸೀಮೆಸುಣ್ಣ ಹಿಡಿದವರು; ಕೇಳಲು ಬಂದವರೂ ಸಕಲೇಶಪುರ, ಆಲೂರು ತಾಲ್ಲೂಕುಗಳ ಶಿಕ್ಷಕರೇ. ಅವರು ಬೇಸರಿಸಲಾರರು ಎಂಬ ಧೈರ್ಯ ನನಗಿದೆ.

1. ಎರಡು ಆನೆಗಳು

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಬೆಳಿಗ್ಗೆ, ಕಾಫಿ ತೋಟಗಳ ನಡುವಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. 13 ಮಕ್ಕಳು, ಒಬ್ಬರೇ ಮೇಷ್ಟ್ರು. ಊರಿನ ಆಸುಪಾಸಿನಲ್ಲಿ ಆನೆ ಇದೆ ಎಂದು ಮೊಬೈಲಿಗೆ ಸಂದೇಶ ಬಂದಿದ್ದರಿಂದ ಅರ್ಧ ಮಕ್ಕಳು ತಡವಾಗಿ ಬಂದಿದ್ದರು. ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗನೊಬ್ಬ ಕೊಪ್ಪೆ ಕೊಡವುತ್ತಲೇ ಶುರುಮಾಡಿದ: “ರಾತ್ರಿ ನಾಯಿ ಸುಮ್ನೇ ಇರ್ಲಿಲ್ಲ ಸಾ. ಅಪ್ಪ ಲೈಟ್ ಹಾಕ್ಬೇಡ ಅಂದ್ರು. ಬಗನೆ ಮರ ಲಟಲಟ ಅಂತ ಮುರೀತು. ಅವ್ವ ತಂಗಿ ಬಾಯಿ ಮುಚ್ಚಿ ಹಿಡ್ಕಂಡಿತ್ತು.”

ಸಂತೋಷಪಟ್ಟು, “ಆನೆ ಬಗ್ಗೆ ಬರಿ” ಎಂದೆ. ಹತ್ತು ನಿಮಿಷದಲ್ಲಿ ಬರೆದು ತಂದ. “ಆನೆಯು ಒಂದು ದೊಡ್ಡ ಪ್ರಾಣಿ. ಆನೆಗೆ ನಾಲ್ಕು ಕಾಲುಗಳಿವೆ. ಒಂದು ಸೊಂಡಿಲು ಇದೆ. ಆನೆಯು ಕಾಡಿನಲ್ಲಿ ವಾಸಿಸುತ್ತದೆ.”

ಅಕ್ಷರ ದುಂಡಾಗಿತ್ತು, ಕಾಗುಣಿತದ ತಪ್ಪೂ ಇರಲಿಲ್ಲ. ಇದ್ದ ತಪ್ಪು ಒಂದೇ: ಆನೆ ಕಾಡಿನಲ್ಲಿ ವಾಸಿಸುತ್ತದೆ ಎಂಬುದು. ಹಿಂದಿನ ರಾತ್ರಿ ಅದು ಅವನ ಮನೆಯ ಹಿತ್ತಲಲ್ಲಿತ್ತು! ಬಾಯಲ್ಲಿ ಬಂದ ಆನೆ ಒಂದು, ಪುಸ್ತಕದಲ್ಲಿ ಇಳಿದ ಆನೆ ಇನ್ನೊಂದು. ತಪ್ಪು ಹುಡುಗನದಲ್ಲ, ನನ್ನದು. “ಆನೆ ಬಗ್ಗೆ” ಎಂದು ಕೇಳಿದೆ. ಆನೆಯ ಬಗ್ಗೆ ಬಂತು. “ನಿನ್ನೆ ರಾತ್ರಿ ಏನಾಯ್ತೋ ಅದನ್ನ ಬರಿ” ಎಂದಾಗ ಅವನು ನನ್ನನ್ನೇ ನೋಡಿ ಕೇಳಿದ: “ಅದನ್ನೂ ಬರೀಬೋದಾ ಸಾ?”

ಈ ಉಪನ್ಯಾಸ ಹುಟ್ಟಿದ್ದು ಆ ಪ್ರಶ್ನೆಯಿಂದ.

2. ‘ದಿನಾಲೂ’ ಮತ್ತು ‘ಅವತ್ತು’

ನಮ್ಮ ಶಾಲೆಯ ಪ್ರಬಂಧ ‘ದಿನಾಲೂ’ ಕಾಲದಲ್ಲಿ ನಡೆಯುತ್ತದೆ. ಹಸು ಹಾಲು ಕೊಡುತ್ತದೆ, ಮಳೆಗಾಲದಲ್ಲಿ ಮಳೆ ಬರುತ್ತದೆ, ರೈತನು ದೇಶದ ಬೆನ್ನೆಲುಬಾಗಿದ್ದಾನೆ. ಅಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಮಗು ಬದುಕುವುದು ಮಾತ್ರ ‘ಅವತ್ತು’ ಎಂಬ ಕಾಲದಲ್ಲಿ. ಅವತ್ತು ಹಸು ಕರು ಹಾಕಿತು. ಅವತ್ತು ಹೊಳೆ ಸೇತುವೆಯ ಮೇಲೆ ಹರಿದು ಶಾಲೆಗೆ ರಜೆ ಸಿಕ್ಕಿತು. ಕ್ರಿಯಾಪದದ ಬಾಲ ‘ತ್ತದೆ’ಯಿಂದ ‘ಇತು’ವಿಗೆ ತಿರುಗಿದರೆ ಸಾಕು, ಬರೆಯುವ ಕೈಗೆ ಜೀವ ಬರುತ್ತದೆ.

ಪ್ರವಾಸದ ಪ್ರಬಂಧವನ್ನೇ ತೆಗೆದುಕೊಳ್ಳಿ. ಮಂಜರಾಬಾದ್ ಕೋಟೆಗೆ ಹೋಗಿಬಂದ ಮಕ್ಕಳೆಲ್ಲ ಬರೆಯುವುದು ಒಂದೇ: ಟಿಪ್ಪು ಸುಲ್ತಾನ್ ಕಟ್ಟಿಸಿದನು, 1792ರಲ್ಲಿ ಮುಗಿಯಿತು, ನಕ್ಷತ್ರದ ಆಕಾರದಲ್ಲಿದೆ. ಎಲ್ಲವೂ ಸರಿ. ಆದರೆ ಯೋಚಿಸಿ, ಎಂಟು ಮೂಲೆಯ ಆ ನಕ್ಷತ್ರ ಕಾಣುವುದು ಮೇಲೆ ಹಾರುವ ಹದ್ದಿಗೆ, ಈಗೀಗ ಡ್ರೋನಿಗೆ. ಕೋಟೆಯೊಳಗೆ ನಿಂತ ಒಂಬತ್ತು ವರ್ಷದ ಹುಡುಗಿಗೆ ಕಾಣುವುದು ತಿರುಗಿ ತಿರುಗಿ ಎದುರಾಗುವ ಗೋಡೆ, ಮಂಜಿನಲ್ಲಿ ಕರಗಿದ ಗೆಳತಿಯ ಬೆನ್ನು, ಪಾಚಿಗೆ ಜಾರುವ ಚಪ್ಪಲಿ. ವರ್ಣನೆಯ ಮೊದಲ ಪಾಠ ಇಲ್ಲಿದೆ. ನೀನು ಎಲ್ಲಿ ನಿಂತಿದ್ದೆ? ಅಲ್ಲಿಂದ ಏನು ಕಂಡಿತು? ಹದ್ದಿನ ಕಣ್ಣನ್ನು ಗೈಡ್ ಪುಸ್ತಕಕ್ಕೆ ಬಿಟ್ಟುಬಿಡೋಣ.

3. ಕಲ್ಲಿನ ಮೇಲಿನ ವರದಿ

ನಡೆದದ್ದನ್ನು ಬರೆಯುವ ಕಲೆಯನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಆಲೂರಿನ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದೆಂದು ಸಾಮಾನ್ಯವಾಗಿ ಹೇಳುವ ಆ ಶಾಸನದಲ್ಲಿರುವುದು 16 ಸಾಲು. ಯಾರ ಆಳ್ವಿಕೆಯಲ್ಲಿ, ಯಾರು ಹೋರಾಡಿದರು, ಅದಕ್ಕೆ ಯಾವ ಊರು ಕೊಟ್ಟರು, ಯಾರು ಸಾಕ್ಷಿ – ಮುಖ್ಯವಾಗಿ ಇಷ್ಟೇ. ಕನ್ನಡದ ಮೊದಮೊದಲ ಬರಹ ಒಂದು ‘ಅವತ್ತು ಏನಾಯಿತು’ ಎಂಬುದರ ಬರಹವೇ ಹೊರತು ‘ಶೌರ್ಯ’ದ ಮೇಲಿನ ಪ್ರಬಂಧವಲ್ಲ.

ನಮ್ಮ ಊರುಗಳ ಗದ್ದೆ ಬದಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ಜೊತೆಗೆ ಸೂರ್ಯಚಂದ್ರರು. ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ನಾನು ಮಕ್ಕಳಿಗೆ ಹಾಳೆಯನ್ನು ಮೂರಾಗಿ ಮಡಚಲು ಹೇಳಿ ಇದೇ ಕ್ರಮದಲ್ಲಿ ಚಿತ್ರ ಬರೆಸುತ್ತೇನೆ. ಕೆಳಗಿನ ಅಂಕಣದಲ್ಲಿ ಯಾವಾಗ, ಎಲ್ಲಿ, ಯಾರು. ನಡುವೆ ಏನೇನು ನಡೆಯಿತು. ಮೇಲೆ, ಎಲ್ಲ ಮುಗಿದ ಮೇಲೆ ಏನು ಉಳಿಯಿತು. ಚಿತ್ರ ಮುಗಿದ ಮೇಲೆಯೇ ಅಕ್ಷರ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೆ. ಆರ್. ಮಾರ್ಟಿನ್, ಜೋನ್ ರಾದರಿ ಮುಂತಾದವರು ಶಾಲಾ ಮಕ್ಕಳ ಬರಹಗಳನ್ನು ವಿಂಗಡಿಸಿದಾಗ ನಡೆದದ್ದರ ಬರಹಕ್ಕೆ ಹೇಳಿದ ಹಂತಗಳು ಹೆಚ್ಚುಕಡಿಮೆ ಇವೇ: ಪೀಠಿಕೆ, ಘಟನೆಗಳ ಸಾಲು, ಕೊನೆಗೆ ಮರಳಿ ನೋಡುವ ಮಾತು. ನಮ್ಮ ಶಿಲ್ಪಿಗೆ ಈ ಹದ ಗೊತ್ತಿತ್ತು.

ನಡುವಿನ ಅಂಕಣದಲ್ಲಿ ‘ಆಮೇಲೆ’ಗಳ ರೈಲು ಹೊರಡುತ್ತದೆ. “ಆಮೇಲೆ ಹೋದೆವು, ಆಮೇಲೆ ನೋಡಿದೆವು, ಆಮೇಲೆ ಬಂದೆವು.” ಅದನ್ನು ಹೊಡೆದುಹಾಕಬೇಡಿ; ಅದು ಕ್ರಮ ತಿಳಿದಿದೆ ಎಂಬುದರ ಗುರುತು. ಬದಲಿಗೆ ಕನ್ನಡ ಇಟ್ಟುಕೊಂಡಿರುವ ಕೊಂಡಿಗಳನ್ನು ಒಂದೊಂದಾಗಿ ಕೈಗೆ ಕೊಡಿ. ‘ಹೋಗಿ, ನೋಡಿ, ಬಂದೆವು’ ಎಂದರೆ ಮೂರು ಬೋಗಿ ಒಂದೇ ಆಯಿತು. ‘ಅಷ್ಟರಲ್ಲಿ’ ಎಂದರೆ ಏನೋ ಅಡ್ಡ ಬಂತು. ‘ನಾವು ತಲುಪುವ ಹೊತ್ತಿಗೆ’ ಎಂದರೆ ಎರಡು ಕಡೆಯ ಗಡಿಯಾರ ಒಟ್ಟಿಗೆ ನಡೆಯಿತು. ವ್ಯಾಕರಣದ ಪಾಠದಲ್ಲಿ ಸತ್ತುಬಿದ್ದ ಕೃದಂತ, ಅವ್ಯಯಗಳು ಇಲ್ಲಿ ಎದ್ದು ಓಡಾಡುತ್ತವೆ.

4. ಕಂಡೆ, ಅಂತೆ, ಇರಬೇಕು

2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಅರಣ್ಯ ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ, ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಕಾಡಾನೆಯೊಂದಿಗೆ ಸೆಣಸಿ ಸತ್ತ. ಆ ವಾರ ಈ ಸೀಮೆಯ ಹೋಟೆಲು, ಬಸ್ಸು, ಕಾಫಿ ಕಣ ಎಲ್ಲ ಕಡೆ ಅದೇ ಮಾತು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಥೆ. ಮಕ್ಕಳ ಕಿವಿಗೆ ಎಲ್ಲವೂ ಬಿತ್ತು.

ಇಂಥ ಘಟನೆಯನ್ನು ತರಗತಿಯಿಂದ ಹೊರಗಿಡುವುದು ಸುಲಭ. ಆದರೆ ಬರವಣಿಗೆಯ ಅತಿ ಮುಖ್ಯ ಪಾಠ ಇದರಲ್ಲೇ ಇದೆ. ಕನ್ನಡದಲ್ಲಿ ಒಂದು ಪುಟ್ಟ ಮಾತಿದೆ: ‘ಅಂತೆ’. “ಆನೆ ಬಂತು” ಎಂದರೆ ನಾನು ಹೊಣೆ. “ಆನೆ ಬಂತಂತೆ” ಎಂದರೆ ಹೇಳಿದವರು ಹೊಣೆ. “ಆನೆ ಬಂದಿರಬೇಕು” ಎಂದರೆ ಮುರಿದ ಬೇಲಿ ಹೊಣೆ. ಮನೆಯಲ್ಲಿ ಐದು ವರ್ಷದ ಮಗು ಕೂಡ ಈ ಮೂರನ್ನು ತಪ್ಪಿಲ್ಲದೆ ಆಡುತ್ತದೆ. ಬರೆಯಲು ಕೂತಾಗ ಮಾತ್ರ ಗ್ರಂಥಸ್ಥ ಭಾಷೆಯ ಭಯಕ್ಕೆ ‘ಅಂತೆ’ಯನ್ನು ಬಿಟ್ಟುಬಿಡುತ್ತದೆ, ಕೇಳಿದ್ದೂ ಊಹಿಸಿದ್ದೂ ಕಂಡದ್ದೇ ಆಗಿಬಿಡುತ್ತದೆ.

ಕಪ್ಪುಹಲಗೆಯ ಮೇಲೆ ಮೂರು ಮನೆ ಮಾಡಿ: ಕಂಡೆ, ಅಂತೆ, ಇರಬೇಕು. ಮಕ್ಕಳು ಹೇಳುವ ಒಂದೊಂದು ವಾಕ್ಯವೂ ಯಾವ ಮನೆಗೆ ಹೋಗಬೇಕೆಂದು ಅವರೇ ತೀರ್ಮಾನಿಸಲಿ. ಜಗಳವಾಗುತ್ತದೆ. ಆಗಲಿ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ‘ಕಂಡೆ’ಯ ಮನೆಗೆ ಸೇರಿಸುವ ದೊಡ್ಡವರಿಗಿಂತ ಈ ಮಕ್ಕಳು ಒಂದು ಹೆಜ್ಜೆ ಮುಂದಿರುತ್ತಾರೆ. ಕಥೆ ಕಟ್ಟುವ ಆಸೆಯಿರುವವರಿಗೆ ನಾಲ್ಕನೆಯ ಮನೆಯೂ ಉಂಟು: ‘ಆಗಿದ್ದಿದ್ದರೆ’. ಕಥೆ ಸುಳ್ಳಲ್ಲ, ಅದರ ಮನೆ ಬೇರೆ ಎಂಬುದು ಅವರಿಗೆ ತಿಳಿದರೆ ಸಾಕು.

5. ‘ಸುಂದರ’ಕ್ಕೆ ಒಂದು ವಾರ ರಜೆ

ವರ್ಣನೆಗೆ ಬಂದರೆ ನಮ್ಮ ದೊಡ್ಡ ಶತ್ರು ‘ಸುಂದರ’. ಸುಂದರ ಹೂವು, ಸುಂದರ ಬೆಟ್ಟ, ಸುಂದರ ಶಾಲೆ. ಒಂದು ವಾರ ಆ ಪದಕ್ಕೆ ರಜೆ ಕೊಟ್ಟು ನೋಡಿ. ಜೊತೆಗೆ ‘ಹಸಿರು’ ಎಂಬುದಕ್ಕೂ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಹೂಬಿಟ್ಟು ಬೆಳ್ಳಗಾದಾಗ ಮಕ್ಕಳನ್ನು ಬೇಲಿಯ ಬಳಿ ನಿಲ್ಲಿಸಿ. ಗಿಡದ ಒಂದೇ ಒಂದು ರೆಕ್ಕೆ (ಅಡ್ಡಕೊಂಬೆ), ಹತ್ತು ನಿಮಿಷ, ಮಾತಿಲ್ಲ. ಹೂ ಎಲೆಯ ಬುಡದಲ್ಲಿ ಗೊಂಚಲಾಗಿದೆಯೋ ತುದಿಯಲ್ಲೋ? ಜೇನಿನ ಸದ್ದು ಎಷ್ಟು ದೂರದಿಂದ ಕೇಳಿತು? ವಾಸನೆ ಯಾವುದರಂತಿದೆ? ಮಲ್ಲಿಗೆಯಂತೆ ಎಂದು ಎಲ್ಲರೂ ಹೇಳುತ್ತಾರೆ. “ಮದುವೆ ಮನೆಗೆ ಹೋದಂಗೆ” ಎಂದು ಒಬ್ಬಳು ಹೇಳಿದಾಗ ನಾನು ಬಾಯಿ ಮುಚ್ಚಿಕೊಂಡೆ. ಎರಡು ದಿನ ಬಿಟ್ಟು ಮತ್ತೆ ಅಲ್ಲಿಗೇ ಕರೆದೊಯ್ಯಿರಿ. ಬಿಳಿ ಕಂದಾಗಿರುತ್ತದೆ. ಆಗ ವರ್ಣನೆಯೇ ಕಥೆಯಾಗುತ್ತದೆ, ಯಾಕೆಂದರೆ ನಡುವೆ ಏನೋ ಆಗಿದೆ.

ಪದಗಳ ಬಡತನ ನಮ್ಮ ಮಕ್ಕಳಿಗಿಲ್ಲ. ಜಿಟಿಜಿಟಿ, ಧೋ, ಜಡಿ, ಸೋನೆ – ಮಳೆಯೊಂದಕ್ಕೇ ಎಷ್ಟು ಹೆಸರು! ಆರಿದ್ರೆ ಬೇರೆ, ಪುನರ್ವಸು ಬೇರೆ. ಅವು ಪುಸ್ತಕಕ್ಕೆ ಇಳಿಯದಂತೆ ನೋಡಿಕೊಳ್ಳುವವರು ನಾವು. ನನ್ನ ಕಥೆಯನ್ನೇ ಹೇಳುತ್ತೇನೆ. ಐದನೇ ತರಗತಿಯಲ್ಲಿ ನಾಟಿಯ ಬಗ್ಗೆ ಬರೆಯುತ್ತ “ಅಜ್ಜಿ ಗೊರಬು ಹಾಕಿಕೊಂಡಿದ್ದಳು” ಎಂದು ಬರೆದಿದ್ದೆ. ಕೆಂಪು ಶಾಯಿ ‘ಗೊರಬು’ವನ್ನು ಹೊಡೆದು ಮೇಲೆ ‘ಛತ್ರಿ’ ಎಂದು ಬರೆಯಿತು. ಛತ್ರಿ ಹಿಡಿದರೆ ನಾಟಿ ಹಾಕುವುದು ಯಾವ ಕೈಯಲ್ಲಿ? ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚಿ, ಎರಡೂ ಕೈಯನ್ನು ಕೆಲಸಕ್ಕೆ ಬಿಡುವುದಕ್ಕೇ ಗೊರಬು ಇರುವುದು. ತಿದ್ದುಪಡಿಯ ನಂತರ ನನ್ನ ಅಜ್ಜಿ ಗದ್ದೆಯಲ್ಲಿ ಛತ್ರಿ ಹಿಡಿದು ಸುಮ್ಮನೆ ನಿಂತುಬಿಟ್ಟಳು. ಆಮೇಲೆ ಬಹಳ ವರ್ಷ ನಾನು ಮನೆಯ ಯಾವ ಪದವನ್ನೂ ಪುಸ್ತಕಕ್ಕೆ ತರಲಿಲ್ಲ.

ಇದೇ ಹೇಮಾವತಿಯ ದಂಡೆಯ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರರು ತಮ್ಮೂರಿನ ಜನರನ್ನೇ ಬರೆದು ಇಡೀ ಕನ್ನಡದವರಾದರು. ಜಿಲ್ಲೆಯ ಗಡಿಯಾಚೆ ಮೂಡಿಗೆರೆಯಲ್ಲಿ ಕೂತ ತೇಜಸ್ವಿ ನಾಯಿ, ಹಕ್ಕಿ, ಮೀನುಗಳನ್ನು ಬರೆದರು. ಊರಿನ ಪದ ಬರವಣಿಗೆಗೆ ಅಡ್ಡ ಬರುವುದಿಲ್ಲ ಎಂಬುದಕ್ಕೆ ಇನ್ನಾವ ಸಾಕ್ಷಿ ಬೇಕು?

6. ನಾಳೆ ಬೆಳಿಗ್ಗೆ

ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ಬಂತು. ಕಾರ್ಡು, ಗುಂಪು, ಹಾಡು, ಮಾತು – ಆ ಮಕ್ಕಳು ಬಾಯಿ ಬಿಡಲು ಹೆದರುವುದಿಲ್ಲ. ನಾಲ್ಕನೇ ತರಗತಿಗೆ ಬಂದಾಗ ಪ್ರಶ್ನೋತ್ತರದ ನೋಟ್ಸು ಆ ಬಾಯಿಗೆ ಬೀಗ ಹಾಕುತ್ತದೆ. ಬರವಣಿಗೆ ಶುರುವಾಗಬೇಕಾದ ಜಾಗದಲ್ಲೇ ನಕಲು ಶುರುವಾಗುತ್ತದೆ. ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ: ವಾರಕ್ಕೊಮ್ಮೆ, ಶನಿವಾರ, ಅರ್ಧ ಪುಟ.

ಮೊದಲು ಹೇಳಿಸಿ, ಆಮೇಲೆ ಬರೆಸಿ. ಮೊದಲ ಕರಡನ್ನು ಮುಟ್ಟಬೇಡಿ, ಕೇಳಿ ಅಷ್ಟೇ. “ಆಗ ನೀನೆಲ್ಲಿದ್ದೆ?” “ಯಾವ ಸದ್ದು?” ಉತ್ತರವನ್ನು ಮಗುವೇ ಸೇರಿಸಲಿ. ಎರಡನೇ ಸಲ ಬರೆದಾಗ ಕಾಗುಣಿತ ನೋಡೋಣ. ತೋಟದ ಕೆಲಸಕ್ಕೆ ಬಂದ ಅಸ್ಸಾಮಿನ, ತಮಿಳುನಾಡಿನ ಮನೆಗಳ ಮಕ್ಕಳು, ತುಳು, ಬ್ಯಾರಿ ಮಾತಾಡುವ ಮಕ್ಕಳು ನಮ್ಮಲ್ಲಿದ್ದಾರೆ. ಸಿಗದ ಪದವನ್ನು ಅವರು ಮನೆಮಾತಿನಲ್ಲೇ ಕನ್ನಡ ಲಿಪಿಯಲ್ಲಿ ಬರೆಯಲಿ, ಪಕ್ಕದಲ್ಲಿ ಚಿತ್ರ ಹಾಕಲಿ. ಪಕ್ಕದವನು ಅದಕ್ಕೆ ಕನ್ನಡ ಹುಡುಕಿ ಕೊಡುತ್ತಾನೆ.

ಬರೆದದ್ದನ್ನು ಓದುವವರು ಬೇಕು. 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿಶಾಲೆಯ ಮೇಷ್ಟ್ರು ಸೆಲೆಸ್ಟೀನ್ ಫ್ರೆನೆ ತರಗತಿಗೇ ಪುಟ್ಟ ಅಚ್ಚಿನ ಯಂತ್ರ ತಂದು, ಮಕ್ಕಳ ಬರಹವನ್ನು ಮಕ್ಕಳ ಕೈಯಿಂದಲೇ ಅಚ್ಚು ಹಾಕಿಸಿ ಬೇರೆ ಶಾಲೆಗೆ ಕಳಿಸುತ್ತಿದ್ದರು. ನಮಗೆ ಯಂತ್ರ ಬೇಡ. ಒಂದು ಗೋಡೆ ಪತ್ರಿಕೆ, ಒಂದು ಕೈಬರಹದ ಪುಸ್ತಕ ಸಾಕು. ಆಲೂರಿನ ಶಾಲೆಯದು ಸಕಲೇಶಪುರದ ಶಾಲೆಗೆ ಹೋಗಲಿ, ಅಲ್ಲಿಯದು ಇಲ್ಲಿಗೆ ಬರಲಿ. 13 ಮಕ್ಕಳ ಶಾಲೆ ಎಂದು ಕೊರಗುವವರಿಗೆ ಒಂದು ಮಾತು: 13 ಮಕ್ಕಳಲ್ಲಿ ಪ್ರತಿಯೊಬ್ಬರದನ್ನೂ ಪೂರ್ತಿ ಕೇಳಬಹುದು. 60 ಮಕ್ಕಳ ತರಗತಿಗೆ ಆ ಭಾಗ್ಯವಿಲ್ಲ.

ಮತ್ತೆ ಆ ಹುಡುಗನಲ್ಲಿಗೆ. “ಬರೀಬೋದು” ಎಂದ ಮೇಲೆ ಅವನು ಮಧ್ಯಾಹ್ನದ ಊಟದ ಗಂಟೆಯವರೆಗೂ ಬರೆದ. ನಾಯಿ ಇತ್ತು, ಲೈಟ್ ಇತ್ತು, ತಂಗಿಯ ಬಾಯಿ ಇತ್ತು. ಬಾಯಲ್ಲಿ ಹೇಳದಿದ್ದ ಒಂದು ಸಾಲು ಕೊನೆಗೆ ಹೊಸದಾಗಿ ಸೇರಿತ್ತು: “ಬೆಳಿಗ್ಗೆ ಲೈನಿನ ಮುಂದೆ ಲದ್ದಿ ಇತ್ತು. ಇನ್ನೂ ಬೆಚ್ಚಗಿತ್ತು.”

ಇದು ಯಾವ ಮನೆಗೆ ಸೇರಬೇಕು, ‘ಅಂತೆ’ಗೋ ‘ಇರಬೇಕು’ಗೋ ಎಂದು ಪರೀಕ್ಷಿಸಲು ಕೇಳಿದೆ: “ಬೆಚ್ಚಗಿತ್ತು ಅಂತ ನಿನಗೆ ಹೇಗೆ ಗೊತ್ತು?”

ಅವನು ಬಲಗೈ ತೋರಿಸಿದ. “ಮುಟ್ಟಿ ನೋಡ್ದೆ ಸಾ.”