ಕ್ಯಾಲೊರಿಯ ಲೆಕ್ಕ ಮತ್ತು ನಮ್ಮ ತಟ್ಟೆಯ ಅನ್ನ

(ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಹಾರವನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಐವತ್ತು ವರ್ಷ ರೊಟ್ಟಿ ತಟ್ಟಿದ ಕೈಗಳು ಈ ಸಭೆಯಲ್ಲಿವೆ. ಆ ಕೈಗಳ ಮುಂದೆ ನಿಂತು ಆಹಾರದ ಬಗ್ಗೆ ಉಪದೇಶ ಮಾಡುವುದು ಉದ್ಧಟತನವಾದೀತು. ಆದುದರಿಂದ ನಾನು ಕಂಡ ಒಂದು ಸಣ್ಣ ಘಟನೆಯಿಂದ ಆರಂಭಿಸುತ್ತೇನೆ.

ಕಳೆದ ವರ್ಷ ಕಾಲೇಜು ವಿದ್ಯಾರ್ಥಿಗಳ ಒಂದು ತಂಡದೊಡನೆ ಗುಡೇಕೋಟೆಯ ಗುಡ್ಡಗಳಲ್ಲಿ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಒಬ್ಬ ಹುಡುಗಿ ತಲೆ ಸುತ್ತಿ ಬಂಡೆಯ ಮೇಲೆ ಕುಳಿತಳು. "ಬೆಳಿಗ್ಗೆ ಏನು ತಿಂದೆಯಮ್ಮಾ?" ಎಂದು ಕೇಳಿದೆ. ಚಹಾ ಮತ್ತು ನಾಲ್ಕು ಬಿಸ್ಕತ್ತು ಎಂದಳು. ಅವಳ ಚೀಲದಲ್ಲಿ ತಾಯಿ ಕಟ್ಟಿಕೊಟ್ಟಿದ್ದ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಯ ಹಾಗೆಯೇ ಇದ್ದವು. ಏಕೆ ತಿನ್ನಲಿಲ್ಲವೆಂದರೆ ಮೊಬೈಲನ್ನು ತೆಗೆದು ತೋರಿಸಿದಳು. ಅದರಲ್ಲಿ ದಿನದಿನದ ಲೆಕ್ಕವಿತ್ತು. "ಸರ್, ಶೇಂಗಾದಲ್ಲಿ ಕ್ಯಾಲೊರಿ ಬಹಳ. ಬಿಸ್ಕತ್ತಾದರೆ ಪೊಟ್ಟಣದ ಮೇಲೆಯೇ ಬರೆದಿರುತ್ತದೆ, ಲೆಕ್ಕ ಇಡುವುದು ಸುಲಭ" ಎಂದಳು.

ಆ ಮಗಳನ್ನು ನಾನು ದೂರುವುದಿಲ್ಲ. ಅವಳು ಓದಿದವಳು, ತನ್ನ ಆರೋಗ್ಯದ ಬಗ್ಗೆ ಕಾಳಜಿಯುಳ್ಳವಳು. ಆದರೆ ಅವಳಿಗೆ ದೊರೆತ ಅಳತೆಗೋಲು ತಾಯಿಯ ಬುತ್ತಿಗಿಂತ ಬಿಸ್ಕತ್ತನ್ನು ಮೇಲೆಂದು ತೋರಿಸಿತು. ಆ ಅಳತೆಗೋಲನ್ನೇ ಇಂದು ಪರಿಶೀಲಿಸೋಣ.

ಕ್ಯಾಲೊರಿ ಎಂದರೇನು? ಅದು ಶಾಖದ ಅಳತೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞ ಈ ಲೆಕ್ಕವನ್ನು ಊಟದ ತಟ್ಟೆಗೆ ತಂದನು. ಒಂದು ಗ್ರಾಂ ಪಿಷ್ಟಕ್ಕೆ ನಾಲ್ಕು, ಒಂದು ಗ್ರಾಂ ಸಸಾರಜನಕಕ್ಕೆ ನಾಲ್ಕು, ಒಂದು ಗ್ರಾಂ ಕೊಬ್ಬಿಗೆ ಒಂಬತ್ತು ಎಂಬ ಸೂತ್ರ ಇಂದಿಗೂ ಪೊಟ್ಟಣಗಳ ಹಿಂಬದಿಯಲ್ಲಿದೆ. 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ಅಮೆರಿಕದ ವೈದ್ಯೆ ಬರೆದ ಪುಸ್ತಕದಿಂದ, ದೇಹ ಇಳಿಸಲು ಕ್ಯಾಲೊರಿ ಎಣಿಸುವ ರೂಢಿ ಮನೆಮನೆಗೆ ಹಬ್ಬಿತು. ನಮ್ಮ ದೇಶದಲ್ಲಿ 1979ರಲ್ಲಿ ಯೋಜನಾ ಆಯೋಗದ ತಜ್ಞರು ಬಡತನದ ರೇಖೆಯನ್ನು ಎಳೆದದ್ದೂ ಇದೇ ಅಳತೆಯಿಂದ: ಹಳ್ಳಿಯವರಿಗೆ ದಿನಕ್ಕೆ 2400, ಪಟ್ಟಣದವರಿಗೆ 2100 ಕ್ಯಾಲೊರಿ. ಒಲೆಗೆ ಎಷ್ಟು ಸೌದೆ ಬೇಕೆಂದು ಕೇಳಿದಂತೆ, ಹೊಟ್ಟೆಗೆ ಎಷ್ಟು ಶಾಖ ಬೇಕೆಂದು ಕೇಳಿದರು.

ಆಹಾರವನ್ನು ಒಂದೇ ಅಂಕಿಯಿಂದ ಅಳೆಯುವ ಈ ಪ್ರವೃತ್ತಿ ಎಂತಹ ಅನಾಹುತ ಮಾಡಬಲ್ಲದು ಎಂಬುದನ್ನು ನಮ್ಮ ಸೀಮೆ ಕ್ಯಾಲೊರಿಗಿಂತ ಮೊದಲೇ ಕಂಡಿದೆ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರವನ್ನು ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ ಆಗ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರದ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವವನಿಗೆ ದಿನಕ್ಕೆ ಎಷ್ಟು ಧಾನ್ಯ ಕೊಡಬೇಕು? 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸಲು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಸ್ವಲ್ಪ ಕಾಸು ಸಾಕೆಂದು ನಿಗದಿ ಮಾಡಿದನು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ಕನಿಷ್ಠ 680 ಗ್ರಾಂ ಧಾನ್ಯ ಬೇಕು. ಅಷ್ಟೇ ಅಲ್ಲ, ಅದರೊಡನೆ ಬೇಳೆಯಂತಹ ಸಸಾರಜನಕವೂ ತರಕಾರಿಯೂ ಇರಬೇಕೆಂದು ವಾದಿಸಿದನು. ಆ ವರ್ಷದ ಮಾರ್ಚಿಯಲ್ಲಿ ಮದ್ರಾಸು ಸರ್ಕಾರ ಧಾನ್ಯವನ್ನು ಸುಮಾರು 570 ಗ್ರಾಂಗೆ ಏರಿಸಿ, ಬೇಳೆಯನ್ನೂ ಸೇರಿಸಬೇಕಾಯಿತು.

ಇಬ್ಬರ ಪ್ರಶ್ನೆಗಳನ್ನು ಗಮನಿಸಿ. ಒಬ್ಬನು "ಎಷ್ಟು ಸಾಕು?" ಎಂದು ಕೇಳಿದನು. ಇನ್ನೊಬ್ಬನು "ಎಷ್ಟು, ಮತ್ತು ಅದರ ಜೊತೆಗೆ ಏನು?" ಎಂದು ಕೇಳಿದನು. ಈ ಎರಡನೆಯ ಪ್ರಶ್ನೆಯನ್ನು ನಾವು ಇಂದು ಮತ್ತೆ ಕೇಳಬೇಕಾಗಿದೆ. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕು: "ಈ ಆಹಾರದಿಂದ ಏನನ್ನು ತೆಗೆದುಹಾಕಿದ್ದಾರೆ?"

ಮೊದಲು, ತೆಗೆದುಹಾಕಿದ್ದು ಏನೆಂಬುದನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕಗಳನ್ನು ತೆರೆದರೆ, ನೂರು ಗ್ರಾಂ ಬಿಳಿ ಅಕ್ಕಿಗೆ 345 ಕ್ಯಾಲೊರಿ, ರಾಗಿಗೆ 328, ನವಣೆಗೆ 331, ಜೋಳಕ್ಕೆ 349, ಸಜ್ಜೆಗೆ 361. ಕ್ಯಾಲೊರಿಯ ಕಣ್ಣಿಗೆ ಇವೆಲ್ಲವೂ ಹೆಚ್ಚುಕಡಿಮೆ ಒಂದೇ. ಆದರೆ ಪಕ್ಕದ ಕಲಮುಗಳನ್ನು ಓದಿ. ಸುಣ್ಣದ ಅಂಶ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ, ರಾಗಿಯಲ್ಲಿ 344. ಕಬ್ಬಿಣದ ಅಂಶ ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿಗೂ ಕಡಿಮೆ, ಸಜ್ಜೆಯಲ್ಲಿ ಎಂಟು. ಸಸಾರಜನಕ ಅಕ್ಕಿಯಲ್ಲಿ ಏಳು ಗ್ರಾಮಿಗೂ ಕಡಿಮೆ, ನವಣೆಯಲ್ಲಿ ಹನ್ನೆರಡಕ್ಕೂ ಹೆಚ್ಚು. ಕ್ಯಾಲೊರಿಯೊಂದನ್ನೇ ನೋಡುವವನಿಗೆ ಈ ಕಲಮುಗಳು ಕಾಣುವುದೇ ಇಲ್ಲ.

ಅಕ್ಕಿಯ ಹೊಳಪಿಗಾಗಿ ನಾವು ತೆರುವ ಬೆಲೆಯನ್ನು ಮೊದಲು ತೋರಿಸಿಕೊಟ್ಟದ್ದು ಕೋಳಿಗಳು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು, ತೌಡು ತೆಗೆದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ, ತೌಡುಳ್ಳ ಅಕ್ಕಿ ಕೊಟ್ಟಾಗ ಅವು ಎದ್ದು ಓಡಾಡುವುದನ್ನೂ ಕಂಡನು. ಬೆರಿಬೆರಿ ರೋಗದ ಗುಟ್ಟು ಹೀಗೆ ಬಯಲಾಗತೊಡಗಿತು. ಜೀವಸತ್ವಗಳ ಅರಿವಿಗೆ ದಾರಿ ಮಾಡಿದ ಈ ಕೆಲಸಕ್ಕೆ 1929ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಕೋಳಿಗಳಿಗೆ ಶಾಖದ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತೌಡಿನೊಡನೆ ಹೊರಗೆ ಹೋದುದರಲ್ಲಿ.

ಇನ್ನು ಆ ಹುಡುಗಿಯ ಶೇಂಗಾದ ವಿಷಯ. ಪೊಟ್ಟಣದ ಸೂತ್ರ ಶೇಂಗಾವನ್ನೂ ಶೇಂಗಾ ಎಣ್ಣೆಯನ್ನೂ ಕೊಬ್ಬಿನ ತೂಕದಿಂದಲೇ ಎಣಿಸುತ್ತದೆ. ಆದರೆ ದೇಹ ಹಾಗೆ ಎಣಿಸುವುದಿಲ್ಲ. 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಣ್ಣೆಯ ರೂಪದಲ್ಲಿ ತಿಂದಾಗಿನದಕ್ಕಿಂತ ಇಡೀ ಕಾಳಾಗಿ ತಿಂದಾಗ ಶೇಂಗಾದ ಕೊಬ್ಬು ಹೆಚ್ಚಾಗಿ ಜೀರ್ಣವಾಗದೆ ಹೊರಹೋಯಿತು. ಕಾಳಿನ ಗೋಡೆಯನ್ನು ಒಡೆದು ಒಳಗಿನ ಕೊಬ್ಬನ್ನು ಪಡೆಯಲು ದೇಹ ದುಡಿಯಬೇಕು. ಪೂರ್ತಿ ದೊರೆಯುವುದೂ ಇಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟವಾಗಿದೆ. ಇಪ್ಪತ್ತು ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಹಜ ಆಹಾರ ಬಡಿಸಿದರು. ಎರಡೂ ತಟ್ಟೆಗಳಲ್ಲಿ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿದ್ದವು. ಬೇಕಾದಷ್ಟು ತಿನ್ನಿ ಎಂದರು. ಸಿದ್ಧ ಆಹಾರದ ದಿನಗಳಲ್ಲಿ ಜನ ತಮಗರಿವಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರಗಳಲ್ಲಿ ಸುಮಾರು ಒಂದು ಕಿಲೋ ತೂಕ ಏರಿದರು. ಸಹಜ ಆಹಾರದ ದಿನಗಳಲ್ಲಿ ಅಷ್ಟೇ ತೂಕ ಇಳಿದರು. ಯಾರೂ ಎಣಿಸಲಿಲ್ಲ. ಆಹಾರವೇ "ಇನ್ನು ಸಾಕು" ಎಂದು ಹೇಳಿತು. ಅಗಿದು ತಿನ್ನುವ ರೊಟ್ಟಿ ಈ ಮಾತನ್ನು ಹೇಳಬಲ್ಲದು. ಬಾಯಲ್ಲಿ ಕರಗುವ ಬಿಸ್ಕತ್ತಿಗೆ ಅದು ಬಾರದು.

ಎರಡನೆಯ ಪ್ರಶ್ನೆ: ಜೊತೆಗೆ ಏನು? ಇಲ್ಲಿ ನಮ್ಮ ಅಭಿಮಾನಕ್ಕೂ ಸ್ವಲ್ಪ ಕಡಿವಾಣ ಬೇಕು. ಜೋಳ ನಮ್ಮ ಪ್ರಾಣ, ನಿಜ. ಆದರೆ 1960ರ ಸುಮಾರಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯ ಅವರು ಒಂದು ಕಹಿ ಸತ್ಯವನ್ನು ಗುರುತಿಸಿದರು. ಜೋಳವನ್ನೇ ಮುಖ್ಯವಾಗಿ ತಿಂದು ಬದುಕುತ್ತಿದ್ದ ದಖ್ಖನ್ನಿನ ಬಡ ಕೂಲಿಗಳಲ್ಲಿ ಪೆಲ್ಲಾಗ್ರ ಎಂಬ ರೋಗ ಕಾಣುತ್ತಿತ್ತು. ತಪ್ಪು ಜೋಳದ್ದಲ್ಲ, ಜೋಳವನ್ನು ಒಂಟಿಯಾಗಿಸಿದ ಬಡತನದ್ದು. ಬೇಳೆ, ಮಜ್ಜಿಗೆ, ಸೊಪ್ಪು, ಶೇಂಗಾ ಜೊತೆಗಿದ್ದ ತಟ್ಟೆಗೆ ಆ ರೋಗ ಸುಲಭವಾಗಿ ಬರುವುದಿಲ್ಲ. ಸಹಜ ಆಹಾರವೆಂದರೆ ಒಂದು ಧಾನ್ಯದ ಪೂಜೆಯಲ್ಲ, ಹಲವು ಆಹಾರಗಳ ಸಂಗಡವೆಂದು ತಿಳಿಯಬೇಕು.

ಈ ಸಂಗಡವನ್ನು ನಮ್ಮ ಹಿರಿಯರು ತಟ್ಟೆಯಲ್ಲಿ ಹುಡುಕಲಿಲ್ಲ, ಹೊಲದಲ್ಲೇ ಬಿತ್ತಿದರು. ಜೋಳ, ಸಜ್ಜೆ, ನವಣೆಗಳ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ, ಹೆಸರು. ಅಂಚಿನಲ್ಲಿ ಪುಂಡಿ, ಗುರೆಳ್ಳು. ಮಳೆ ಕೈಕೊಟ್ಟರೂ ಯಾವುದಾದರೊಂದು ಬೆಳೆ ಉಳಿಯುತ್ತಿತ್ತು. ಉಳುಮೆಯ ನಡುವೆ ತಾನಾಗಿ ಬಂದ ಸೊಪ್ಪು ಸಂಜೆಯ ಸಾರಾಗುತ್ತಿತ್ತು. ಗುಡ್ಡದಲ್ಲಿ ಕವಳೆ, ಕಾರೆ, ಬಾರೆ, ಸೀತಾಫಲ. ನಮ್ಮ ಗುಡ್ಡಗಳ ಕರಡಿಯೂ ಬದುಕುವುದು ಹಣ್ಣು, ಗೆದ್ದಲು, ಜೇನುಗಳ ಇಂತಹ ಬೆರಕೆಯ ಮೇಲೆಯೇ. ಇಂದು ಈ ತಾಲ್ಲೂಕುಗಳ ಬೆದ್ದಲು ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿದೆ. ಅದರ ಬಹುಪಾಲು ಹೋಗುವುದು ಕೋಳಿಮೇವಿಗೆ, ಕಾರ್ಖಾನೆಯ ಪಿಷ್ಟಕ್ಕೆ. ಹೊಲದಿಂದ ಹೋದ ಕಾಳು ಪೊಟ್ಟಣವಾಗಿ ನಮ್ಮ ಊರಿನ ಅಂಗಡಿಗೇ ಮರಳುತ್ತದೆ. ಹೊಲದಲ್ಲಿ ವೈವಿಧ್ಯ ಅಳಿದರೆ ತಟ್ಟೆಯಲ್ಲಿ ಅದು ಉಳಿಯುವುದೆಂತು? ಆದುದರಿಂದಲೇ ಆಹಾರದ ಪ್ರಶ್ನೆ ಪರಿಸರದ ಪ್ರಶ್ನೆಯೂ ಹೌದು.

ಇದರ ಫಲ ನಮ್ಮ ಕಣ್ಣ ಮುಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ರಕ್ತಹೀನರು. ಇವರಲ್ಲಿ ಎಷ್ಟೋ ಜನರ ಹೊಟ್ಟೆ ತುಂಬಿರುತ್ತದೆ. ಹೊಟ್ಟೆ ತುಂಬಿಯೂ ರಕ್ತ ತುಂಬದ ಈ ಮರೆಯ ಹಸಿವನ್ನು ಕ್ಯಾಲೊರಿಯ ತಕ್ಕಡಿ ತೂಗಲಾರದು.

ಇಷ್ಟು ಹೇಳಿದ ಮೇಲೆ ಮೂರು ಎಚ್ಚರಿಕೆಯ ಮಾತುಗಳು ಅಗತ್ಯ.

ಒಂದು, ಪಡಿತರದ ಅಕ್ಕಿಯನ್ನು ಹೀಗಳೆಯಬೇಡಿ. ಖಾಲಿ ತಟ್ಟೆಗೆ ಮೊದಲು ಬೇಕಾದದ್ದು ಅನ್ನವೇ. 2013ರಿಂದ ಅನ್ನಭಾಗ್ಯದ ಅಕ್ಕಿ ಎಷ್ಟೋ ಮನೆಗಳ ಒಲೆಯನ್ನು ಹೊತ್ತಿಸಿದೆ. ನಮ್ಮ ಬೇಡಿಕೆ ಅಕ್ಕಿಯನ್ನು ಕಿತ್ತುಕೊಳ್ಳಿ ಎಂಬುದಲ್ಲ. ಅದರ ಪಕ್ಕದಲ್ಲಿ ನಮ್ಮ ಜೋಳ, ರಾಗಿ, ಬೇಳೆ ಇರಲಿ ಎಂಬುದು. ಹಾಗೆಯೇ ಸಕ್ಕರೆ ಕಾಯಿಲೆಯಂತಹ ಕಾರಣಕ್ಕೆ ವೈದ್ಯರು ಲೆಕ್ಕ ಹೇಳಿದ್ದರೆ ಅದನ್ನು ಪಾಲಿಸಿ.

ಎರಡು, ಸಿರಿಧಾನ್ಯದ ಹೆಸರಿಗೆ ಮರುಳಾಗಬೇಡಿ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಸಿರಿಧಾನ್ಯದ ಬಿಸ್ಕತ್ತು, ಸಿರಿಧಾನ್ಯದ ನೂಡಲ್ಸ್ ಅಂಗಡಿಗೆ ಬಂದಿವೆ. ಪೊಟ್ಟಣ ತಿರುಗಿಸಿ ಓದಿ. ಮೈದಾ ಮತ್ತು ಸಕ್ಕರೆ ಮೊದಲ ಸಾಲಿನಲ್ಲಿದ್ದರೆ ನವಣೆ ಅಲ್ಲಿ ಹೆಸರಿಗಷ್ಟೇ. ಬೆಳ್ಳಗೆ ಪಾಲಿಷ್ ಮಾಡಿದ ನವಣಕ್ಕಿಯೂ ಬಿಳಿ ಅಕ್ಕಿಯ ದಾರಿಯನ್ನೇ ಹಿಡಿದಿರುತ್ತದೆ.

ಮೂರನೆಯದು ಗಂಡಸರಿಗೆ ಹೇಳುವ ಮಾತು. ನವಣೆ ಮನೆಯಿಂದ ಹೋದದ್ದು ಬಾಯಿರುಚಿ ಕೆಟ್ಟದ್ದರಿಂದ ಮಾತ್ರವಲ್ಲ. ಒನಕೆ ಹಿಡಿದು ಕುಟ್ಟಿ, ಮೊರದಲ್ಲಿ ಕೇರಿ, ಬೀಸುವ ಕಲ್ಲು ತಿರುಗಿಸಿದ ತಾಯಂದಿರು ದಣಿದಿದ್ದರು. ಆ ದಣಿವನ್ನು ಮರಳಿ ತರುವ ಸಂಪ್ರದಾಯ ನಮಗೆ ಬೇಡ. ಊರ ಸಂಘಗಳು ಸಿಪ್ಪೆ ಬಿಡಿಸುವ ಸಣ್ಣ ಯಂತ್ರವನ್ನು ತರಲಿ. ಅದನ್ನು ನಡೆಸುವ ಹೊಣೆಯನ್ನು ಗಂಡಸರೂ ಹೊರಲಿ.

ಹಾಗಾದರೆ ನಾಳೆಯಿಂದ ಏನು ಮಾಡಬಹುದು? ರೈತ ಬಾಂಧವರು ಹೊಲದ ಒಂದು ಎಕರೆಯಲ್ಲಾದರೂ ಅಕ್ಕಡಿ ಸಾಲನ್ನು ಮನೆಯ ಊಟಕ್ಕಾಗಿ ಬಿತ್ತಲಿ. 2019–20ರಲ್ಲಿ ರಾಜ್ಯ ಸರ್ಕಾರ ರೈತಸಿರಿ ಯೋಜನೆಯಡಿ ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನವನ್ನು ಘೋಷಿಸಿತು. ಇಂದು ಏನು ಲಭ್ಯವಿದೆ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ತಾಯಂದಿರು ಗಿರಣಿಯಿಂದ ತಂದ ಹಿಟ್ಟನ್ನು ನುಣ್ಣನೆಯ ಜರಡಿಯಲ್ಲಿ ಸೋಸಿ ತೌಡನ್ನು ದನಕ್ಕೆ ಹಾಕುವುದನ್ನು ಬಿಡಲಿ. ವಿದ್ಯಾರ್ಥಿಗಳು ತಮ್ಮ ಅಜ್ಜಿಯರ ಬಳಿ ಕುಳಿತು ಈ ಗುಡ್ಡದ ಸೊಪ್ಪುಗಳ, ಹಣ್ಣುಗಳ ಹೆಸರುಗಳನ್ನು ಬರೆದುಕೊಳ್ಳಲಿ. ಎಣಿಸಲೇಬೇಕೆಂದಿದ್ದರೆ ವಾರದಲ್ಲಿ ಎಷ್ಟು ಬಗೆಯ ಧಾನ್ಯ, ಎಷ್ಟು ಬಗೆಯ ಕಾಳು, ಎಷ್ಟು ಬಗೆಯ ಸೊಪ್ಪು ತಟ್ಟೆಗೆ ಬಂತೆಂದು ಎಣಿಸಿ. ಆ ಲೆಕ್ಕ ನಿಮ್ಮನ್ನು ಹೊಲದ ಕಡೆಗೆ ಕರೆದೊಯ್ಯುತ್ತದೆ.

ಆ ದಿನ ಗುಡ್ಡದ ಮೇಲೆ ಆ ಹುಡುಗಿ ಕೊನೆಗೆ ಬುತ್ತಿ ಬಿಚ್ಚಿದಳು. ಒಂದು ರೊಟ್ಟಿಯನ್ನು ಮುರಿದು ಗೆಳತಿಯರಿಗೂ ಕೊಟ್ಟಳು. ಸ್ವಲ್ಪ ಹೊತ್ತು ನೆರಳಲ್ಲಿ ಕುಳಿತು, ಎದ್ದು, ನಮ್ಮೆಲ್ಲರಿಗಿಂತ ಮುಂದೆ ಗುಡ್ಡ ಹತ್ತಿದಳು. ಆ ರೊಟ್ಟಿಯಲ್ಲಿ ಎಷ್ಟು ಕ್ಯಾಲೊರಿ ಇತ್ತೆಂದು ಅವಳು ಕೇಳಲಿಲ್ಲ. ಇಳಿಯುವಾಗ ಅವಳು ಕೇಳಿದ ಪ್ರಶ್ನೆಯೇ ಬೇರೆ: "ಸರ್, ಪುಂಡಿ ಬೀಜ ಎಲ್ಲಿ ಸಿಗುತ್ತದೆ?"

ಅದಕ್ಕೆ ಉತ್ತರ ನಿಮ್ಮಲ್ಲಿದೆ, ನಿಮ್ಮ ಮನೆಯ ಗಡಿಗೆಗಳಲ್ಲಿದೆ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದೊಂದು ಹಿಡಿ ಬೀಜ ತನ್ನಿರೆಂದು ಕೈಮುಗಿದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.