ಮೂರು ಕಾಲಿನ ಒಗಟು

ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ಹೊಸತು ಕಟ್ಟಿಸುವ ಕಾಲವಿದು. ಕೆಡವುವಾಗ ಅಟ್ಟದ ಮೇಲಿಂದ ಎಷ್ಟೋ ಸಾಮಾನು ಕೆಳಗಿಳಿಯುತ್ತದೆ. ಬಳ್ಳಾರಿ, ಮೋಕ ಮೊದಲಾದ ಊರುಗಳಲ್ಲಿ ಹೀಗೆ ಇಳಿಯುವ ಒಂದು ವಸ್ತುವಿನ ವಿಚಾರವನ್ನು ಇಂದು ತಮ್ಮ ಮುಂದಿಡುತ್ತೇನೆ.

ಎತ್ತರ ಒಂದು ಗೇಣಿನ ಆಸುಪಾಸು. ಕಾಲು ಮೂರು. ಮೇಲೆ ಹಲಗೆಯಿಲ್ಲ, ಬರಿಯ ಬಳೆ. ಕಬ್ಬಿಣದ್ದೋ ಹಿತ್ತಾಳೆಯದೋ ಆಗಿರುತ್ತದೆ. ಮಡಚಿಡುವ ಮರದ ಬಗೆಯೂ ಉಂಟು. ಏನಿದು? ಮಕ್ಕಳ ಪೀಠವೆನ್ನೋಣವೇ? ಕೂರಲು ಹಲಗೆಯೇ ಇಲ್ಲ. ಒಲೆಯ ಮೇಲಿನದೇ? ಮಸಿಯ ಗುರುತಿಲ್ಲ, ಮರದ್ದಂತೂ ಒಲೆಯ ಹತ್ತಿರ ಸುಳಿಯುವಂತಿಲ್ಲ. ನೀರಿನ ಕೊಡ ಇಡುವುದಕ್ಕೇ? ಈ ತೆಳು ಕಾಲುಗಳು ತುಂಬಿದ ಕೊಡದ ಭಾರಕ್ಕೆ ಮಾಡಿದವಲ್ಲ. ಇನ್ನು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಳೆಯ ಮೇಲೊಂದು ಊಟದ ತಟ್ಟೆಯನ್ನಿಟ್ಟು ನೋಡಿರಿ. ತಟ್ಟೆ ಅಲುಗದೆ ಕೂರುತ್ತದೆ. ತುತ್ತಿಗೆ ಅಷ್ಟಾಗಿ ಬಾಗಬೇಕಿಲ್ಲ. ಒಗಟು ಬಿಡಿಸಿದಂತಾಯಿತು.

ಇದರ ಹೆಸರು ಅಡ್ಡಣಿಗೆ. ಊಟದ ತಟ್ಟೆಯನ್ನೋ ಹರಿವಾಣವನ್ನೋ ಇಡುವ ಮುಕ್ಕಾಲಿ. ವೀರಶೈವ ಲಿಂಗಾಯತರ ಮನೆಗಳಲ್ಲಿ, ಮಠಗಳಲ್ಲಿ ಉಣ್ಣುವ ಅನ್ನವೇ ಪ್ರಸಾದ. ಅದನ್ನು ಬರಿಯ ನೆಲದ ಮೇಲಿಡದೆ ಅಡ್ಡಣಿಗೆಯ ಮೇಲಿಡುವುದು, ಮನೆಗೆ ಬಂದ ಜಂಗಮರಿಗೆ ಅದರ ಮೇಲೆ ಬಡಿಸುವುದು ಮರ್ಯಾದೆ. ಮಠಗಳಲ್ಲಿ ಈ ಪದ್ಧತಿಯನ್ನು ಈಗಲೂ ಕಾಣಬಹುದು.

ಕಾಲು ಮೂರೇ ಏಕೆ? ಸಾರಿಸಿದ ಮಣ್ಣಿನ ನೆಲವಾಗಲಿ, ಒರಟು ಬಂಡೆಯ ನೆಲವಾಗಲಿ ಎಲ್ಲೆಡೆ ಸಮನಾಗಿರದು. ಅಲ್ಲಿ ನಾಲ್ಕು ಕಾಲಿನದು ಕುಂಟುತ್ತದೆ. ಮೂರು ಕಾಲಿನದು ಕುಂಟದು. ನಮ್ಮ ಪಡಸಾಲೆಯ ಟೀಪಾಯಿಯ ಮೂಲವೂ ಇದೇ. ಹಿಂದಿಯ ತಿಪಾಯಿ ಎಂದರೆ ಮೂರು ಕಾಲಿನದು. ಆಂಗ್ಲರು ಮೊದಲಕ್ಷರವನ್ನು ಚಹದ ಟೀ ಎಂದು ಭಾವಿಸಿ, ಕಾಲು ಹಚ್ಚಿದ ಚಹದ ಪೆಟ್ಟಿಗೆಗೂ ಆ ಹೆಸರಿಟ್ಟರು. ಇಂದು ನಾಲ್ಕು ಕಾಲಿನದೂ ನಮಗೆ ಟೀಪಾಯಿಯೇ. ಅಲ್ಲಿ ಹೆಸರು ಉಳಿದು ಅರ್ಥ ಹೋಯಿತು. ಅಡ್ಡಣಿಗೆಯಲ್ಲಿ ವಸ್ತು ಉಳಿದು ಹೆಸರು ಹೋಗುತ್ತಿದೆ.

ಊಟ ಮೇಜಿಗೇರಿದ ಮನೆಯಲ್ಲಿ ಇದಕ್ಕೆ ಕೆಲಸವಿಲ್ಲ, ನಿಜ. ಹೂವಿನ ಕುಂಡ ಇಟ್ಟರೂ ತಪ್ಪಿಲ್ಲ. ಆದರೆ ಗುಜರಿಯವನಿಗೆ ತೂಕಕ್ಕೆ ಕೊಟ್ಟರೆ ಬರುವುದು ಲೋಹದ ಬೆಲೆ ಮಾತ್ರ. ಮನೆಯವರು ಹೇಗೆ ಉಂಡರು, ಬಂದವರನ್ನು ಹೇಗೆ ಉಪಚರಿಸಿದರು ಎಂಬುದರ ಸಾಕ್ಷಿ ಅದರೊಡನೆ ಹೊರಟುಹೋಗುತ್ತದೆ. ಆದ್ದರಿಂದ ಅಟ್ಟದಿಂದ ಗುರುತು ಸಿಗದ ವಸ್ತು ಇಳಿದಾಗ, ಮನೆಯ ಅಜ್ಜ ಅಜ್ಜಿಯರನ್ನು ಒಂದು ಮಾತು ಕೇಳಿರಿ. ಅವರು ಹೇಳಿದ ಹೆಸರನ್ನೂ ಬಳಕೆಯನ್ನೂ ಚೀಟಿಯಲ್ಲಿ ಬರೆದು ಅದರ ಕಾಲಿಗೆ ಕಟ್ಟಿಡಿರಿ.