ತುಟಿ ಒಡೆದಾಗ

ತುಟಿ ಒಡೆಯುವುದು ದೊಡ್ಡ ಕಾಯಿಲೆಯಲ್ಲ. ಅದಕ್ಕಾಗಿ ರಜೆ ಹಾಕಿದವರಿಲ್ಲ, ಹಾಸಿಗೆ ಹಿಡಿದವರೂ ಇಲ್ಲ. ಆದರೂ ಮಾಗಿಯ ಚಳಿಯಲ್ಲಿ ಒಂದು ಸಲ ತುಟಿ ಬಿರಿಯಿತೆಂದರೆ, ಆ ಪುಟ್ಟ ಸೀಳೇ ಇಡೀ ದಿನದ ಯಜಮಾನನಾಗಿಬಿಡುತ್ತದೆ. ಸಾರಿನ ಹುಳಿ ತಾಗಿದರೆ ಉರಿ. ಉಪ್ಪಿನಕಾಯಿಯ ಕಡೆ ನೋಡುವಂತೆಯೇ ಇಲ್ಲ. ಆಕಳಿಕೆ ಬಂದರೆ ಅಂಗೈಯಿಂದ ಬಾಯಿ ಒತ್ತಿಕೊಳ್ಳಬೇಕು. ಯಾರಾದರೂ ತಮಾಷೆಯ ಮಾತು ತೆಗೆದರೆ, “ಇವತ್ತು ಬೇಡ ಮಾರಾಯರೆ, ನಾಳೆ ನಗುತ್ತೇನೆ” ಎಂದು ಕೈಮುಗಿಯಬೇಕು. ಇಷ್ಟು ತೊಂದರೆ ಕೊಡುವುದನ್ನು ಸಣ್ಣದೆಂದು ತಳ್ಳಿಹಾಕದೆ, ಅದು ಏಕೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ನಮ್ಮ ಮೈಯ ಚರ್ಮಕ್ಕೆ ಹೊರಗಡೆ ಸತ್ತ ಜೀವಕೋಶಗಳ ಒಂದು ಗಟ್ಟಿ ಹೊದಿಕೆಯಿದೆ. ಒಳಗಿನ ನೀರು ಆರಿಹೋಗದಂತೆ ಅದು ತಡೆಯುತ್ತದೆ. ತುಟಿಯ ಕೆಂಪು ಭಾಗದಲ್ಲಿ ಈ ಹೊದಿಕೆ ತೀರ ತೆಳು. ಒಳಗೆ ಹರಿಯುವ ರಕ್ತದ ಬಣ್ಣ ಹೊರಗೆ ಕಾಣುವುದು ಅದರಿಂದಲೇ. ಇನ್ನೊಂದು ಕೊರತೆಯೂ ಉಂಟು. ಬೇರೆಡೆ ಕೂದಲಿನ ಬುಡದಲ್ಲಿರುವ ಗ್ರಂಥಿಗಳು ಎಣ್ಣೆಯನ್ನು ಒಸರುತ್ತ ಚರ್ಮಕ್ಕೆ ಪಸೆ ಕೊಡುತ್ತವೆ. ತುಟಿಗೆ ಕೂದಲಿಲ್ಲ, ಬೆವರಿಲ್ಲ, ಎಣ್ಣೆಯ ಗ್ರಂಥಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲನ್ನು ತಡೆಯುವ ಕಪ್ಪು ವರ್ಣದ್ರವ್ಯವೂ ಅಲ್ಲಿ ಸ್ವಲ್ಪವೇ. ಮೈಗೆಲ್ಲ ಕಂಬಳಿ ಹೊದಿಸಿದ ಪ್ರಕೃತಿ ತುಟಿಗೆ ಮಾತ್ರ ಮಲ್ಲಿನ ಬಟ್ಟೆ ಹೊದಿಸಿದೆ ಎನ್ನಬಹುದು.

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬೀದರ, ಕಲಬುರಗಿ, ವಿಜಯಪುರಗಳ ಬಯಲಿನಲ್ಲಿ ಬೀಸುವ ಒಣಗಾಳಿ ಸಿಕ್ಕಿದ ಕಡೆಯಿಂದೆಲ್ಲ ನೀರನ್ನು ಹೀರಿಕೊಳ್ಳುತ್ತದೆ. ಮಂಗಳೂರು, ಕಾರವಾರಗಳ ಕಡಲತೀರದಲ್ಲಿ ಗಾಳಿಯಲ್ಲಿಯೇ ತೇವವಿರುವುದರಿಂದ ಈ ಪೀಡೆ ಅಷ್ಟಿಲ್ಲ. ಹವಾನಿಯಂತ್ರಣವಿರುವ ಕಚೇರಿಯಲ್ಲಿ ಕುಳಿತವರಿಗೂ ವರ್ಷವೆಲ್ಲ ಒಣಗಾಳಿಯೇ. ನೆಗಡಿಯಿಂದ ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಿಂದ ಉಸಿರಾಡುವ ಮಗುವಿಗೆ, ತನ್ನ ಉಸಿರೇ ತುಟಿಯನ್ನು ಒಣಗಿಸುತ್ತದೆ.

ಗಾಳಿ ಹೊರಗಿನ ಶತ್ರು. ಅದಕ್ಕಿಂತ ಕೆಟ್ಟ ಶತ್ರು ಬಾಯೊಳಗೇ ಇದೆ, ಅದು ನಾಲಗೆ! ತುಟಿ ಒಣಗಿತು ಎನ್ನಿಸಿದೊಡನೆ ನಾವು ಅರಿವಿಲ್ಲದೆ ಅದನ್ನು ಸವರಿಕೊಳ್ಳುತ್ತೇವೆ. ಒಣಗಿದ್ದಕ್ಕೆ ನೀರು ಹಾಕುವುದು ನ್ಯಾಯವೇ ತಾನೆ ಎಂದು ನೀವು ಕೇಳಬಹುದು. ಬೇಸಗೆಯ ಕೆರೆಯಂಗಳವನ್ನು ನೆನೆಸಿಕೊಳ್ಳಿ. ನೆನೆದ ಮಣ್ಣು ಒಣಗುವಾಗಲೇ ಅಲ್ಲವೆ ಬಿರುಕು ಬಿಡುವುದು? ತುಟಿಯ ಮೇಲಿನ ಎಂಜಲು ಕ್ಷಣದಲ್ಲಿ ಆರಿಹೋಗುತ್ತದೆ. ಆರುವಾಗ ಒಳಗಿನ ತೇವವನ್ನೂ ಜೊತೆಗೆ ಕರೆದೊಯ್ಯುತ್ತದೆ. ಅಲ್ಲದೆ ಎಂಜಲು ಬರಿಯ ನೀರಲ್ಲ. ಅನ್ನವನ್ನು ಜೀರ್ಣಿಸುವ ರಸಗಳು ಅದರಲ್ಲಿವೆ. ಅವು ತೆಳು ಚರ್ಮವನ್ನು ಕೆರಳಿಸುತ್ತವೆ. ಕೆಲವು ಮಕ್ಕಳ ಬಾಯ ಸುತ್ತ ಕುಂಕುಮದಿಂದ ಬಳೆ ಬರೆದಂತೆ ಕೆಂಪು ಗೆರೆ ಕಾಣುವುದುಂಟು. ನಾಲಗೆ ಎಟಕುವಷ್ಟು ದೂರಕ್ಕೆ ಆ ಗೆರೆ. ಅಂಥ ಮಗುವನ್ನು ಗದರಿಸಿ ಫಲವಿಲ್ಲ. ಶಾಲೆಗೆ ಹೊರಡುವ ಮುನ್ನ ತುಟಿಗೂ ಸುತ್ತಲಿನ ಚರ್ಮಕ್ಕೂ ಜಿಡ್ಡು ಹಚ್ಚಿ ಕಳಿಸಿ. ಒಣಗದ ತುಟಿಯನ್ನು ನಾಲಗೆ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ.

ಚಿಕಿತ್ಸೆಯ ಗುಟ್ಟೆಲ್ಲ ಇಷ್ಟೇ: ಇರುವ ತೇವವನ್ನು ಒಳಗೇ ಉಳಿಸಬೇಕು. ಉಗುರುಬೆಚ್ಚಗಿನ ನೀರಿನಿಂದ ತುಟಿ ತೊಳೆದು, ಮೆತ್ತನೆಯ ಬಟ್ಟೆಯನ್ನು ಒತ್ತಿ ತೆಗೆಯಿರಿ; ಉಜ್ಜಬೇಡಿ. ಪಸೆ ಆರುವ ಮೊದಲೇ ತೆಳ್ಳಗೆ ಜಿಡ್ಡು ಸವರಿ. ಸ್ನಾನವಾದ ಮೇಲೆ, ಊಟವಾದ ಮೇಲೆ, ಮಲಗುವಾಗ ತಪ್ಪದೆ ಹೀಗೆ ಮಾಡಿದರೆ, ಸಾಮಾನ್ಯವಾದ ಸೀಳು ಕೆಲವು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಎದ್ದ ಸಿಪ್ಪೆಯನ್ನು ಮಾತ್ರ ಹಲ್ಲಿನಿಂದಲೋ ಉಗುರಿನಿಂದಲೋ ಕೀಳಬಾರದು. ಅದರೊಡನೆ ಹಸಿ ಚರ್ಮವೂ ಕಿತ್ತು ಬರುತ್ತದೆ.

ಯಾವ ಜಿಡ್ಡು ಎಂದಿರಾ? ಮನೆಯ ತುಪ್ಪ ಒಳ್ಳೆಯದು. ಬೆಣ್ಣೆಯೂ ಆದೀತು, ಆದರೆ ಅಂಗಡಿಯ ಬೆಣ್ಣೆಯಲ್ಲಿ ಉಪ್ಪು ಬೆರೆತಿದ್ದರೆ ಚುರುಗುಟ್ಟುತ್ತದೆ. ಕೊಬ್ಬರಿ ಎಣ್ಣೆ ಬೇಗ ಜಾರಿಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ಅದನ್ನು ನಿಲ್ಲಿಸುವ ಉಪಾಯ ಜೇನುಮೇಣದಲ್ಲಿದೆ. ಕೊಡಗು, ಶಿರಸಿಗಳ ಕಡೆ ಜೇನು ಸಾಕುವವರಲ್ಲಿ ಶುದ್ಧವಾದ ಮೇಣ ದೊರೆಯುತ್ತದೆ. 10 ಗ್ರಾಂ ಮೇಣಕ್ಕೆ 40 ಗ್ರಾಂ ಕೊಬ್ಬರಿ ಎಣ್ಣೆ ಸೇರಿಸಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಪುಟ್ಟ ಡಬ್ಬಿಗೆ ಸುರಿದು ಆರಬಿಡಿ. ಚಳಿಗಾಲ ಕಳೆಯುವಷ್ಟು ಮುಲಾಮು ಸಿದ್ಧ.

ಎಲ್ಲಕ್ಕಿಂತ ಅಗ್ಗವಾದದ್ದು ವ್ಯಾಸಲೀನ್. ಅದರ ಕಥೆಯೂ ಸ್ವಾರಸ್ಯವಾಗಿದೆ. 1859ರಲ್ಲಿ ರಾಬರ್ಟ್ ಚೀಸ್‌ಬ್ರೋ ಎಂಬ ತರುಣ ರಸಾಯನಜ್ಞ ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಿಗೆ ಹೋದ. ಯಂತ್ರದ ಸರಳುಗಳಿಗೆ ಮೆತ್ತಿಕೊಂಡು ಕೆಲಸಕ್ಕೆ ಅಡ್ಡಿಯಾಗುತ್ತಿದ್ದ ಮೇಣದಂಥ ಕೊಳೆಯನ್ನು ಕೂಲಿಕಾರರು ಬೈಯುತ್ತಲೇ ಕೆರೆದು ತೆಗೆಯುತ್ತಿದ್ದರು. ಆದರೆ ಕೈ ಕೊಯ್ದುಕೊಂಡಾಗ, ಸುಟ್ಟುಕೊಂಡಾಗ ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಚೀಸ್‌ಬ್ರೋ ಅದನ್ನು ಶುದ್ಧಿಮಾಡಿ 1872ರಲ್ಲಿ ಪೇಟೆಂಟು ಪಡೆದ. ವ್ಯಾಸಲೀನಿನಲ್ಲಿ ಔಷಧಿಯ ಗುಣವೇನೂ ಇಲ್ಲ. ಅದು ಮುಚ್ಚಳದ ಕೆಲಸ ಮಾಡುತ್ತದೆ, ಬೇಕಾದದ್ದೂ ಅದೇ.

ಇನ್ನು ಹೊಕ್ಕುಳಿಗೆ ಎಣ್ಣೆ ಬಿಟ್ಟರೆ ತುಟಿ ಒಡೆಯುವುದಿಲ್ಲ ಎಂದು ಅಜ್ಜಿಯರು ಹೇಳುವುದುಂಟು. ಹೊಕ್ಕುಳಿನಿಂದ ತುಟಿಗೆ ಎಣ್ಣೆ ಹೋಗುವ ದಾರಿ ಯಾವುದೂ ಇಲ್ಲ. ಅಜ್ಜಿಗೆ ಬೇಸರವಾಗದಂತೆ ಎರಡು ತೊಟ್ಟು ಅಲ್ಲಿಗೂ ಬಿಡಿ, ಮೂರನೆಯ ತೊಟ್ಟನ್ನು ತುಟಿಗೆ ಹಚ್ಚಿ! ಆದರೆ ಕರ್ಪೂರ, ಪುದೀನಸತ್ವ, ದಾಲ್ಚಿನ್ನಿಗಳ ಘಮವಿರುವ ಮುಲಾಮುಗಳನ್ನು ಒಡೆದ ತುಟಿಗೆ ತಾಗಿಸಬೇಡಿ. ತಣ್ಣಗೆನ್ನಿಸಿದರೂ ಅವು ಕೆರಳಿಸುತ್ತವೆ. ತುಟಿಬಣ್ಣವೋ ಹೊಸ ಟೂತ್‌ಪೇಸ್ಟೋ ಒಗ್ಗದೆಯೂ ತುಟಿ ಸುಲಿಯಬಹುದು, ಬದಲಾಯಿಸಿ ನೋಡಿ. ಮಾವಿನ ಕಾಲದಲ್ಲಿ ಸೊನೆ ತಾಗಿ, ಎಲೆಯಡಿಕೆಯಲ್ಲಿ ಸುಣ್ಣ ಹೆಚ್ಚಾಗಿ ತುಟಿ ಬೇಯುವುದನ್ನು ನೀವೂ ಕಂಡಿದ್ದೀರಿ. ಕಾರಣ ಬಿಟ್ಟರೆ ಗಾಯವೂ ಬಿಡುತ್ತದೆ.

ತುಟಿಯ ನಡುವೆ ಅಲ್ಲದೆ ಎರಡೂ ಕಟಬಾಯಿಗಳಲ್ಲಿ ಬಿರುಕು ಬಂದು, ಬೆಳ್ಳಗಾಗಿ, ಬಾಯಿ ಅಗಲಿಸಲು ನೋವಾಗುತ್ತಿದ್ದರೆ ಬರಿಯ ಚಳಿಯನ್ನು ದೂರಬೇಡಿ. ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆಯ ಪ್ರಯೋಗಶಾಲೆಯೊಂದಿತ್ತು. 1958ರಲ್ಲಿ ಹೈದರಾಬಾದಿಗೆ ಹೋದ ಅದೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಇಂಥ ಬಾಯಿಹುಣ್ಣಿಗೂ ಬಿ-2 ಜೀವಸತ್ವದ ಕೊರತೆಗೂ ಇರುವ ನಂಟನ್ನು ಅಲ್ಲಿನ ಅಯ್ಕ್ರಾಯ್ಡ್ ಮತ್ತು ಕೃಷ್ಣನ್ 1930ರ ದಶಕದಲ್ಲಿಯೇ ಬರೆದಿಟ್ಟರು. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಈ ಸತ್ವ ಅತ್ಯಲ್ಪ. ರಾಗಿಯಲ್ಲಿ ಅದಕ್ಕಿಂತ ಹೆಚ್ಚು. ಹಾಲು, ಮೊಸರು, ಮೊಟ್ಟೆ, ಸೊಪ್ಪುಗಳಲ್ಲಿ ಚೆನ್ನಾಗಿದೆ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೂ ಕಟಬಾಯಿ ಸೀಳುತ್ತದೆ. ವಯಸ್ಸಾದವರಲ್ಲಿ ಕಟ್ಟಿಸಿದ ಹಲ್ಲು ಸರಿಕೂರದೆ ಜೊಲ್ಲು ನಿಂತು, ಬೂಷ್ಟು ಸೇರಿ ಹೀಗಾಗುವುದೂ ಉಂಟು. ಅಂಥ ಹುಣ್ಣಿಗೆ ತುಪ್ಪವೊಂದೇ ಸಾಲದು; ವೈದ್ಯರಿಗೆ ತೋರಿಸಬೇಕು.

ಕೊನೆಯ ಮಾತೇ ಮುಖ್ಯವಾದದ್ದು. ಹೊಲದಲ್ಲಿ, ರಸ್ತೆಗೆಲಸದಲ್ಲಿ, ದೋಣಿಯಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಮೈಯೊಡ್ಡಿದವರ ಕೆಳತುಟಿಗೆ ಆಕಾಶದ ಬಿಸಿಲೆಲ್ಲ ನೇರವಾಗಿ ಬೀಳುತ್ತದೆ. ಅವರು ಅಂಚು ಅಗಲವಾದ ಟೋಪಿಯನ್ನೋ, ಮುಖಕ್ಕೆ ನೆರಳಾಗುವಂತೆ ಸೆರಗನ್ನೋ ಬಳಸಲಿ. ಸಾಧ್ಯವಾದರೆ ಬಿಸಿಲುತಡೆಯ ಅಂಶ 30 ಎಂದು ಬರೆದಿರುವ ತುಟಿಮುಲಾಮು ಹಚ್ಚಲಿ. ಬೀಡಿ ಸೇದುವವರು, ತುಟಿಯ ಸಂದಿಯಲ್ಲಿ ಹೊಗೆಸೊಪ್ಪು ಇಡುವವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಜಿಡ್ಡು ಹಚ್ಚಿಯೂ ಮೂರು ವಾರಗಳಲ್ಲಿ ಮಾಯದ ಸೀಳು, ಕೈಗೆ ಗಟ್ಟಿಯಾಗಿ ಸಿಗುವ ಗಂಟು, ಬಿಳಿಯ ಮಚ್ಚೆ, ಮತ್ತೆ ಮತ್ತೆ ರಕ್ತ ಜಿನುಗುವ ಹುಣ್ಣು, ಇವು ಚಳಿಯ ಕೆಲಸವಲ್ಲ. ಅರ್ಬುದ ರೋಗ ಹೀಗೆ ಸದ್ದಿಲ್ಲದೆ, ನೋವಿಲ್ಲದೆ ಆರಂಭವಾಗಬಹುದು. ಮೊದಲೇ ಕಂಡುಹಿಡಿದರೆ ಬಹುಮಟ್ಟಿಗೆ ಗುಣಪಡಿಸಬಹುದಾದದ್ದು ಅದು. “ತುಟಿ ತಾನೆ, ವಾಸಿಯಾದೀತು” ಎಂದು ಯುಗಾದಿಯಿಂದ ದೀಪಾವಳಿಯವರೆಗೆ ಮುಂದೂಡುವುದರಲ್ಲಿಯೇ ಅಪಾಯವಿರುವುದು.

ಇವತ್ತು ರಾತ್ರಿ ಮಲಗುವ ಮುನ್ನ ಎರಡು ಕೆಲಸ ಮಾಡಿ. ನಿಮ್ಮ ತುಟಿಗೆ ಒಂದಿಷ್ಟು ತುಪ್ಪ ಸವರಿಕೊಳ್ಳಿ. ಮನೆಯಲ್ಲಿ ಬಿಸಿಲಿನಲ್ಲಿ ದುಡಿಯುವ ಹಿರಿಯರಿದ್ದರೆ, ಅವರ ಕೆಳತುಟಿಯನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ. ಎಲ್ಲವೂ ಸರಿಯಾಗಿದ್ದರೆ ಸಂತೋಷ. ನಾಳೆ ಎಲ್ಲರೂ ಬಾಯಿತುಂಬ ನಗಬಹುದು.